ರೈಡಿಂಗ್ ಕ್ಲಬ್‌ನಲ್ಲಿದ್ದ ಮಾಜಿ ಸೈನಿಕರು ತೀರಿಕೊಂಡಾಗ: ಅವರನ್ನು ಸರಿಯಾಗಿ ನೆನೆಯುವುದು ಹೇಗೆ?

ನಮ್ಮ ಬೈಕ್ ಕ್ಲಬ್‌ನಲ್ಲಿ ನಲವತ್ತು ಚಿಲ್ಲರೆ ಜನ ಇದ್ದೇವೆ. ಅದರಲ್ಲಿ ಆರು ಮಂದಿ ಸೇನೆಯಿಂದ ನಿವೃತ್ತರಾದವರು. ಭಾನುವಾರ ಬೆಳಗ್ಗೆ ಐದೂವರೆಗೆ ಹೊರಡೋಣ ಅಂದರೆ, ಐದು ಇಪ್ಪತ್ತಕ್ಕೇ ಬಂದು ಗಾಡಿ ಒರೆಸುತ್ತ ನಿಂತಿರುತ್ತಿದ್ದವರು ಅವರೇ. 2022ರಲ್ಲಿ ಅವರಲ್ಲೊಬ್ಬರು ರಾತ್ರಿ ನಿದ್ದೆಯಲ್ಲೇ ಹೋಗಿಬಿಟ್ಟರು. ನಾವೆಲ್ಲ ಅವರನ್ನು 'ಸಾಬ್' ಅಂತಲೇ ಕರೆಯುತ್ತಿದ್ದೆವು. ಸಿಗ್ನಲ್ಸ್‌ನಲ್ಲಿ 28 ವರ್ಷ ದುಡಿದವರು. ಸಿಗ್ನಲ್ಸ್ ಅಂದರೆ ಸೇನೆಯ ಸಂಪರ್ಕ ವ್ಯವಸ್ಥೆ ನೋಡಿಕೊಳ್ಳುವ ಪಡೆ. ಶುರು ಮಾಡಿದ್ದೇ ಡಿಆರ್ ಆಗಿ. ಡಿಆರ್ ಅಂದರೆ ಡಿಸ್ಪ್ಯಾಚ್ ರೈಡರ್, ಬೈಕ್ ಮೇಲೆ ಸಂದೇಶ ಹೊತ್ತು ಒಂದು ಠಾಣೆಯಿಂದ ಇನ್ನೊಂದಕ್ಕೆ ಓಡುವವರು.

ಸುದ್ದಿ ಬಂದ ಮೂರು ಗಂಟೆಯೊಳಗೆ ನಾವು ಫ್ಲೆಕ್ಸ್ ಹಾಕಿಸಿದೆವು. 'ಹುತಾತ್ಮ ಹವಾಲ್ದಾರ್' ಅಂತ ದೊಡ್ಡ ಅಕ್ಷರ, ಹಿಂದೆ ತ್ರಿವರ್ಣ, ಪಕ್ಕದಲ್ಲಿ ಯಾವುದೋ ಟ್ಯಾಂಕ್ ಚಿತ್ರ. ಅವರ ಹೆಂಡತಿ ಬಾಗಿಲಿಗೆ ಬಂದು ಅದನ್ನು ಓದಿದರು. ಆಮೇಲೆ ಮೆಲ್ಲಗೆ ನನ್ನನ್ನು ಕರೆದು, "ಅವರು ಸುಬೇದಾರ್ ಮಗಾ. ಮತ್ತೆ ಹುತಾತ್ಮ ಅಂತ ಬರೀಬೇಡಿ. ಹುತಾತ್ಮರಾದವರು ಬೇರೆ ಇದ್ದಾರೆ. ಇವರ ಜತೆಗೇ ಇದ್ದ ಹುಡುಗರು ಅವರು" ಅಂದರು. ಸುಬೇದಾರ್ ಅಂದರೆ ಹವಾಲ್ದಾರ್‌ಗಿಂತ ಮೇಲಿನ ಹುದ್ದೆ. ಸಾವಿನ ಮನೆಯಲ್ಲಿ ಅಷ್ಟು ದುಃಖದ ನಡುವೆ ಅವರು ನಮ್ಮ ತಪ್ಪು ತಿದ್ದಬೇಕಾಗಿ ಬಂತು. ಆ ಫ್ಲೆಕ್ಸ್ ಇಳಿಸಿದ ಮೇಲೂ ನನಗೆ ಸಮಾಧಾನವಾಗಲಿಲ್ಲ.

ಅಲ್ಲಿಂದ ಈಚೆಗೆ ನಮ್ಮ ಕ್ಲಬ್ ಇನ್ನಿಬ್ಬರನ್ನು ಕಳೆದುಕೊಂಡಿದೆ. ಒಂದೊಂದು ಸಲವೂ ಕಲಿತದ್ದನ್ನು ಬರೆದಿಟ್ಟುಕೊಂಡೆವು. ಮೈಸೂರು, ಹುಬ್ಬಳ್ಳಿ, ಮಡಿಕೇರಿ, ಬೆಳಗಾವಿ, ಎಲ್ಲ ಕಡೆ ಈಗ ರೈಡಿಂಗ್ ಗುಂಪುಗಳಿವೆ. ಎಲ್ಲದರಲ್ಲೂ ಒಬ್ಬಿಬ್ಬರು ಮಾಜಿ ಸೈನಿಕರು ಇದ್ದೇ ಇರುತ್ತಾರೆ. ನಿಮಗೂ ಇದು ಬೇಕಾಗಬಹುದು.

ಮೊದಲ ದಿನ: ಮನೆಯವರು ಕರೆದರೆ ಮಾತ್ರ

ಸುದ್ದಿ ಗೊತ್ತಾದ ಕೂಡಲೇ ಗ್ರೂಪ್‌ನಲ್ಲಿ ಹಾಕಿ, ಐವತ್ತು ಬೈಕ್ ಸೇರಿಸಿ ಮನೆ ಮುಂದೆ ನಿಲ್ಲಿಸಬೇಡಿ. ಮೊದಲು ಒಬ್ಬರೇ ಹೋಗಿ. ಮನೆಯವರಿಗೆ ಚೆನ್ನಾಗಿ ಗೊತ್ತಿರುವ ಒಬ್ಬರು. ಅವರು ಹೋಗಿ ಎರಡೇ ಮಾತು ಕೇಳಲಿ: ನಾವು ಬರಬಹುದಾ? ಬಂದರೆ ಏನು ಕೆಲಸ ಮಾಡಿಕೊಡಬೇಕು?

ಅಮೆರಿಕದಲ್ಲಿ ಪೇಟ್ರಿಯಟ್ ಗಾರ್ಡ್ ರೈಡರ್ಸ್ ಅಂತ ಒಂದು ಸಂಘಟನೆ ಇದೆ. 2005ರಲ್ಲಿ ಶುರುವಾದದ್ದು. ಸೈನಿಕರ ಅಂತ್ಯಸಂಸ್ಕಾರಕ್ಕೆ ಬೈಕ್‌ಗಳಲ್ಲಿ ಹೋಗಿ ಸಾಲಾಗಿ ನಿಲ್ಲುತ್ತಾರೆ. ಅವರದ್ದೊಂದು ಗಟ್ಟಿ ನಿಯಮ ಇದೆ: ಕುಟುಂಬದವರು ಕರೆಯದೆ ಹೋಗುವುದಿಲ್ಲ. ಅಷ್ಟು ದೊಡ್ಡ ಸಂಘಟನೆಯೇ ಹಾಗೆ ನಡೆದುಕೊಳ್ಳುತ್ತದೆ ಅಂದ ಮೇಲೆ ನಮಗೂ ಅದೇ ಸರಿ.

ಹೋದವರು ಗಾಡಿಯನ್ನು ಬೀದಿಯ ತುದಿಯಲ್ಲೇ ಆಫ್ ಮಾಡಿ ತಳ್ಳಿಕೊಂಡು ಬನ್ನಿ. ಕೆಲವು ಗುಂಪುಗಳಲ್ಲಿ ಎಲ್ಲರೂ ಒಟ್ಟಿಗೆ ಆಕ್ಸಿಲರೇಟರ್ ಕೊಟ್ಟು ಸದ್ದು ಮಾಡುವುದನ್ನು ಗೌರವ ಅಂದುಕೊಂಡಿದ್ದಾರೆ. ನನ್ನ ಪ್ರಕಾರ ಸಾವಿನ ಮನೆ ಮುಂದೆ ಅದು ಬೇಡವೇ ಬೇಡ. ಒಳಗೆ ಒಬ್ಬಾಕೆ ಗಂಡನನ್ನು ಕಳೆದುಕೊಂಡು ಕೂತಿರುತ್ತಾರೆ. ಅವರ ಕಿವಿಗೆ ಇಷ್ಟು ದಿನ ಒಂದೇ ಒಂದು ಗಾಡಿಯ ಸದ್ದು ಪರಿಚಯ.

ಅವತ್ತು ಬೇಕಾಗುವುದು ಸಣ್ಣ ಪುಟ್ಟ ಕೆಲಸ. ಕುರ್ಚಿ ತರುವುದು, ನೀರಿನ ಕ್ಯಾನ್, ಊರಿಂದ ಬರುವವರನ್ನು ಬಸ್ ಸ್ಟ್ಯಾಂಡಿನಿಂದ ಕರೆತರುವುದು, ಆಸ್ಪತ್ರೆಯ ಕಾಗದ ತರುವುದು. ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು ಅನ್ನುವುದು ಕಾನೂನು. ಮರಣ ಪ್ರಮಾಣಪತ್ರದ ಪ್ರತಿಗಳು ಹತ್ತಾದರೂ ಇರಲಿ. ಕುಟುಂಬ ಪಿಂಚಣಿ, ಬ್ಯಾಂಕ್, ಮಾಜಿ ಸೈನಿಕರ ಆರೋಗ್ಯ ಯೋಜನೆಯ ಇಸಿಎಚ್‌ಎಸ್ ಕಾರ್ಡ್, ಗಾಡಿಯ ಆರ್‌ಸಿ, ಎಲ್ಲದಕ್ಕೂ ಅದೇ ಬೇಕು.

ಸೇನೆಯ ತುಕಡಿ ಬಂದು ಹೂಗುಚ್ಛ ಇಡುವುದು, ಬ್ಯೂಗಲ್ ಊದುವುದು ಇವೆಲ್ಲ ನಿವೃತ್ತರಾದ ಎಲ್ಲರಿಗೂ ತಾನಾಗಿಯೇ ಆಗುವುದಿಲ್ಲ. ಊರಿನ ಮಾಜಿ ಸೈನಿಕರ ಸಂಘದ ಮೂಲಕ ಹತ್ತಿರದ ಮಿಲಿಟರಿ ಸ್ಟೇಷನ್ ಹೆಡ್‌ಕ್ವಾರ್ಟರ್ಸ್‌ಗೆ ಸುದ್ದಿ ಮುಟ್ಟಿಸಿ, ಕೇಳಿ ನೋಡಿ. ಆದರೆ ಉತ್ತರ ಬರುವ ಮೊದಲೇ "ಗಾರ್ಡ್ ಬರುತ್ತೆ ಅಮ್ಮ" ಅಂತ ಮನೆಯವರಿಗೆ ಮಾತು ಕೊಡಬೇಡಿ. ಬರದಿದ್ದರೆ ಆ ನೋವು ಜಾಸ್ತಿ.

ಆಯಾ ಮನೆಯ ಪದ್ಧತಿಯನ್ನೂ ಮೊದಲೇ ತಿಳಿದುಕೊಳ್ಳಿ. ಒಂದು ಮನೆಯಲ್ಲಿ ದಹನ, ಇನ್ನೊಂದರಲ್ಲಿ ಮಣ್ಣು. ಲಿಂಗಾಯತರ ಮನೆಯಲ್ಲಿ ಶಿವಗಣಾರಾಧನೆ, ಕ್ರೈಸ್ತರಲ್ಲಿ ನವೆಂಬರ್ 2ರಂದು ಸಮಾಧಿಗೆ ಮೇಣದಬತ್ತಿ, ಕೊಡವರಲ್ಲಿ ಮಾದ ಅನ್ನುವ ಉತ್ತರಕ್ರಿಯೆ. ಕೊಡಗಿನಲ್ಲಿ ಸಾವಾದಾಗ ಗಾಳಿಯಲ್ಲಿ ಎರಡು ಗುಂಡು ಹಾರಿಸುವ ಕಟ್ಟಳೆಯೇ ಇದೆ. ಕ್ಲಬ್‌ನ ಕಾರ್ಯಕ್ರಮ ಇವುಗಳ ಪಕ್ಕದಲ್ಲಿ ಇರಬೇಕು, ಅಡ್ಡ ಬರಬಾರದು. ಅಸ್ಥಿ ಬಿಡಲು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಹೋಗುವ ಮನೆಯವರು ಜತೆಗೆ ಬನ್ನಿ ಅಂದರೆ ಹೋಗಿ. ಆದರೆ ಅಸ್ಥಿ ಕುಟುಂಬದವರ ಕೈಯಲ್ಲಿ, ಕಾರಿನಲ್ಲಿ ಇರಲಿ. ಬೈಕಿನ ಬ್ಯಾಗಿನಲ್ಲಿ ಬೇಡ.

ಹೆಸರು, ರ‍್ಯಾಂಕ್, ಪಡೆ: ಬರೆಯುವ ಮೊದಲು ನೋಡಿ

ನಾವು ಎಡವಿದ್ದು ಇಲ್ಲೇ. ಹಾಗಾಗಿ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಒಬ್ಬ ಸೈನಿಕರ ವಿವರ ಸರಿಯಾಗಿ ಸಿಗುವುದು ಅವರ ಡಿಸ್ಚಾರ್ಜ್ ಬುಕ್‌ನಲ್ಲಿ, ಪಿಂಚಣಿ ಪಾವತಿಯ ಆದೇಶವಾದ ಪಿಪಿಒದಲ್ಲಿ. ಮನೆಯವರ ಒಪ್ಪಿಗೆ ಪಡೆದು ಅವನ್ನು ನೋಡಿ. ಗೆಳೆಯರ ನೆನಪನ್ನು ಮಾತ್ರ ನಂಬಬೇಡಿ. ನಾವು ಹವಾಲ್ದಾರ್ ಅಂತ ಬರೆದದ್ದು, ಸಾಬ್ ಹವಾಲ್ದಾರ್ ಆಗಿದ್ದಾಗಿನ ಕತೆಗಳನ್ನೇ ಜಾಸ್ತಿ ಹೇಳುತ್ತಿದ್ದರು ಅನ್ನುವ ಕಾರಣಕ್ಕೆ.

ರ‍್ಯಾಂಕ್ ನಿವೃತ್ತಿಯಾಗುವುದಿಲ್ಲ, ಮನುಷ್ಯ ನಿವೃತ್ತಿಯಾಗುತ್ತಾನೆ ಅಂತ ಸೇನೆಯವರು ಹೇಳುತ್ತಾರೆ. ಅದಕ್ಕೇ 'ನಿವೃತ್ತ' ಅನ್ನುವುದು ಹೆಸರಿನ ನಂತರ ಬರಬೇಕು. ಮೊದಲು ರ‍್ಯಾಂಕ್, ಆಮೇಲೆ ಹೆಸರು, ಕೊನೆಗೆ ಕಂಸದಲ್ಲಿ ನಿವೃತ್ತ. 'ನಿವೃತ್ತ ಸುಬೇದಾರ್' ಅಂತ ಶುರು ಮಾಡುವುದು ಸರಿಯಲ್ಲ. ಗೌರವ ರ‍್ಯಾಂಕ್ ಇದ್ದರೆ ಅದನ್ನೂ ಬಿಡಬೇಡಿ. ಸುಬೇದಾರ್‌ರಂಥ ಜೂನಿಯರ್ ಕಮಿಷನ್ಡ್ ಅಧಿಕಾರಿಗಳಿಗೆ (ಜೆಸಿಒ) ಗೌರವ ಲೆಫ್ಟಿನೆಂಟ್, ಗೌರವ ಕ್ಯಾಪ್ಟನ್ ಪದವಿಗಳನ್ನು ಜನವರಿ 26ಕ್ಕೆ, ಆಗಸ್ಟ್ 15ಕ್ಕೆ ಪ್ರಕಟಿಸುತ್ತಾರೆ. ಇಡೀ ಜೀವನ ದುಡಿದು ಪಡೆದದ್ದು ಅದು.

'ಹುತಾತ್ಮ' ಅನ್ನುವ ಮಾತನ್ನು ನಮ್ಮ ಕಡೆ ಸುಮ್ನೆ ಬಳಸಿಬಿಡುತ್ತೇವೆ. ಕರ್ತವ್ಯದಲ್ಲಿದ್ದಾಗ ಪ್ರಾಣ ಕೊಟ್ಟವರಿಗೆ ಜನ ಹೇಳುವ ಮಾತು ಅದು. ವಯಸ್ಸಾಗಿಯೋ ಕಾಯಿಲೆಯಿಂದಲೋ ಮನೆಯಲ್ಲಿ ತೀರಿಕೊಂಡ ಮಾಜಿ ಸೈನಿಕರಿಗೆ 'ಅಗಲಿದ ಯೋಧ', 'ಮಾಜಿ ಸೈನಿಕರು' ಅಂದರೆ ಸಾಕು. ಅದರಲ್ಲಿ ಗೌರವ ಒಂದಿಷ್ಟೂ ಕಡಿಮೆಯಾಗುವುದಿಲ್ಲ.

ಇನ್ನೊಂದು ಒಳ್ಳೆಯ ದಾಖಲೆ ಅಂದರೆ ಪದಕಗಳು. ಸಾಬ್ ಮನೆಯಲ್ಲಿ ಅವು ಒಂದು ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ, ಬನಿಯನ್ ಬಟ್ಟೆಯಲ್ಲಿ ಸುತ್ತಿಟ್ಟಿದ್ದವು. ಅವರ ಮೊಮ್ಮಗಳು ಒಂದೊಂದನ್ನೇ ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದಾಗ ಅಂಚಿನಲ್ಲಿ ಸಣ್ಣ ಅಕ್ಷರ ಕಂಡಿತು. ಸಂಖ್ಯೆ, ರ‍್ಯಾಂಕ್, ಹೆಸರು, ಪಡೆ. ಭೂತಗನ್ನಡಿ ಹಿಡಿದು ಓದಿದೆವು. ಒಂದರಲ್ಲಿ ಅವರಿನ್ನೂ ಬರೀ ಸಿಗ್ನಲ್‌ಮನ್. ಇಪ್ಪತ್ತೊಂದರ ಹುಡುಗ. 1971ರ ಯುದ್ಧದಲ್ಲಿ ಪಶ್ಚಿಮ ಗಡಿಯಲ್ಲಿದ್ದವರಿಗೆ ಪಶ್ಚಿಮಿ ಸ್ಟಾರ್, ಪೂರ್ವದಲ್ಲಿದ್ದವರಿಗೆ ಪೂರ್ವಿ ಸ್ಟಾರ್. ಹಾಗಾಗಿ ಪದಕ ನೋಡಿದರೇ ಅವರು ಎಲ್ಲಿದ್ದರು ಅನ್ನುವ ಒಂದು ಸುಳಿವು ಸಿಗುತ್ತದೆ. ಹೊಳೆಯಲಿ ಅಂತ ಅವನ್ನು ಬ್ರಾಸೋ ಪಾಲಿಷ್ ಹಾಕಿ ತಿಕ್ಕಬೇಡಿ. ಆ ಅಕ್ಷರಗಳು ಸವೆದು ಹೋಗುತ್ತವೆ. ಮೆತ್ತನೆ ಒಣ ಬಟ್ಟೆ ಸಾಕು.

ಇಷ್ಟೆಲ್ಲ ನೋಡಿದ ಮೇಲೆ ಒಂದು ಎಚ್ಚರ. ಸೇವಾ ಸಂಖ್ಯೆ, ಪಿಪಿಒ ನಂಬರ್, ಮನೆ ವಿಳಾಸ, ಫೋನ್ ನಂಬರ್ ಇವನ್ನು ಯಾವ ಪೋಸ್ಟ್‌ನಲ್ಲೂ ಹಾಕಬೇಡಿ. ಡಿಸ್ಚಾರ್ಜ್ ಬುಕ್‌ನ ಫೋಟೋವನ್ನಂತೂ ಹಾಕಲೇಬೇಡಿ. ಪಿಂಚಣಿ ಕಚೇರಿಯಿಂದ ಅಂತ ಸುಳ್ಳು ಹೇಳಿ ಒಟಿಪಿ ಕೇಳುವವರಿಗೆ ಅಷ್ಟು ವಿವರ ಸಾಕು.

ಬಾವುಟ ಮತ್ತು ಸಮವಸ್ತ್ರ

ಇಲ್ಲಿ ನಮ್ಮ ಹುಡುಗರು ಪ್ರೀತಿಯಿಂದಲೇ ತಪ್ಪು ಮಾಡುತ್ತಾರೆ. ತ್ರಿವರ್ಣವನ್ನು ಬೈಕಿನ ಟ್ಯಾಂಕ್ ಮೇಲೆ ಹೊದಿಸುವುದು, ಹಿಂದಿನ ಸೀಟಿಗೆ ಕಟ್ಟುವುದು, ಬಾವುಟದ ಮೇಲೆ ಹೆಸರು ಬರೆಯುವುದು. 1971ರ ರಾಷ್ಟ್ರ ಗೌರವಕ್ಕೆ ಅಪಮಾನ ತಡೆ ಕಾಯ್ದೆಯ ಪ್ರಕಾರ ವಾಹನದ ಮೇಲೆ, ಪಕ್ಕಕ್ಕೆ, ಹಿಂದಕ್ಕೆ ಬಾವುಟ ಹೊದಿಸುವುದು ಅಪಮಾನವೇ. ಅದರ ಮೇಲೆ ಏನನ್ನೂ ಬರೆಯುವಂತಿಲ್ಲ. ಪಾರ್ಥಿವ ಶರೀರಕ್ಕೆ ಹೊದಿಸಲು ಅವಕಾಶ ಇರುವುದು ಸರ್ಕಾರಿ ಗೌರವದ, ಸೇನಾ ಅಥವಾ ಅರೆಸೇನಾ ಪಡೆಗಳ ಅಂತ್ಯಸಂಸ್ಕಾರಕ್ಕೆ ಮಾತ್ರ. ಆಗಲೂ ಕೇಸರಿ ಬಣ್ಣ ತಲೆಯ ಕಡೆ ಇರಬೇಕು, ಬಾವುಟವನ್ನು ಗುಂಡಿಗೆ ಇಳಿಸಬಾರದು, ಸುಡಬಾರದು. ಸೇನೆಯ ತುಕಡಿ ಬಂದರೆ ಅವರೇ ನೋಡಿಕೊಳ್ಳುತ್ತಾರೆ. ನಾವಾಗಿಯೇ ಅಂಗಡಿಯಿಂದ ಬಾವುಟ ತಂದು ಹೊದಿಸುವುದು ಬೇಡ. ಆ ಬಾವುಟಕ್ಕೆ ದಿನಾ ಸೆಲ್ಯೂಟ್ ಹೊಡೆದವರ ನೆನಪಿಗಾದರೂ ಅದರ ನಿಯಮ ಪಾಲಿಸೋಣ, ಅಲ್ವಾ?

ನಾವು ಮಾಡುವುದು ಇಷ್ಟೇ: ಎಡಗಡೆಯ ಕನ್ನಡಿಗೆ ಒಂದು ಗೇಣುದ್ದದ ಕಪ್ಪು ರಿಬ್ಬನ್. ಕ್ಲಬ್‌ನ ಬಾವುಟ ಇದ್ದರೆ ಅದಕ್ಕೂ ಒಂದು.

ಸೇನೆಯ ಚುಕ್ಕೆ ಚುಕ್ಕೆ ವಿನ್ಯಾಸದ ಜಾಕೆಟ್ ಹಾಕಿಕೊಂಡು ಬರುವುದನ್ನು ಅವತ್ತಿನ ಮಟ್ಟಿಗೆ ನಿಲ್ಲಿಸಿ. ಸೈನಿಕರಲ್ಲದವರು ತಾವು ಸೈನಿಕರು ಅಂತ ನಂಬಿಸಲು ಸಮವಸ್ತ್ರ ತೊಡುವುದು ಅಪರಾಧ. ನಿಮಗೆ ಆ ಉದ್ದೇಶ ಇಲ್ಲದಿದ್ದರೂ, ಬಂದ ಮಾಜಿ ಸೈನಿಕರಿಗೆ ಅದನ್ನು ನೋಡಿ ಕಸಿವಿಸಿಯಾಗುತ್ತದೆ. ತೀರಿಕೊಂಡವರ ಪದಕಗಳನ್ನು ಕ್ಲಬ್ ಸದಸ್ಯರು ಎದೆಗೆ ಚುಚ್ಚಿಕೊಳ್ಳುವುದೂ ಬೇಡ. ಒಂದು ದಿಂಬಿನ ಮೇಲೆ ಫೋಟೋ ಮುಂದೆ ಇಡಿ.

ಯಾವ ದಿನ ಒಳ್ಳೆಯದು?

ತೀರಿಕೊಂಡ ದಿನ ಮನೆಯವರದ್ದು. ಅವತ್ತು ತಿಥಿ, ಪೂಜೆ, ನೆಂಟರು ಇರುತ್ತಾರೆ. ಕ್ಲಬ್ ಬೇರೆ ದಿನ ಇಟ್ಟುಕೊಳ್ಳುವುದು ಮೇಲು.

ಜನವರಿ 14 ಮಾಜಿ ಸೈನಿಕರ ದಿನ. 1953ರ ಆ ದಿನ ನಮ್ಮ ಕೊಡಗಿನ ಕಾರ್ಯಪ್ಪನವರು ಸೇನೆಯಿಂದ ನಿವೃತ್ತರಾದರು. ಮರುದಿನ ಜನವರಿ 15 ಸೇನಾ ದಿನ. 1949ರಲ್ಲಿ ಅವರೇ ಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾದದ್ದು ಅವತ್ತು. ಇದೇ ಹೊತ್ತಿಗೆ ಸಂಕ್ರಾಂತಿಯೂ ಬರುತ್ತದೆ. ಅದಕ್ಕೆ ನಮ್ಮಲ್ಲಿ ಕೆಲವರು ಅವತ್ತು ರೈಡ್ ಬೇಡ ಅಂದರು. ಬದಲಿಗೆ ನಾಲ್ಕೈದು ಮಂದಿ ಎಳ್ಳು ಬೆಲ್ಲ ತೆಗೆದುಕೊಂಡು ಅಗಲಿದವರ ಮನೆಗಳಿಗೆ ಹೋಗಿಬರುತ್ತೇವೆ. ಇಡೀ ವರ್ಷದಲ್ಲಿ ನನಗೆ ಜಾಸ್ತಿ ಹಿಡಿಸಿದ ಕೆಲಸ ಅದೇ.

ಜುಲೈ 26 ಕಾರ್ಗಿಲ್ ವಿಜಯ ದಿನ, ಡಿಸೆಂಬರ್ 16 ವಿಜಯ ದಿನ, ಡಿಸೆಂಬರ್ 7 ಧ್ವಜ ದಿನ. ಇವೆಲ್ಲ ಎಲ್ಲರಿಗೂ ಗೊತ್ತು. ಆದರೆ ಆ ವ್ಯಕ್ತಿಯ ಪಡೆ ಯಾವುದು ಅಂತ ನೋಡಿ ಅದರ ದಿನವನ್ನು ಆರಿಸಿದರೆ ಇನ್ನೂ ಚೆಂದ. ಸಿಗ್ನಲ್ಸ್‌ನದ್ದು ಫೆಬ್ರವರಿ 15. ಬೆಂಗಳೂರಿನ ಇಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ನವರದ್ದು ಸೆಪ್ಟೆಂಬರ್ 30. ಸರಬರಾಜು ನೋಡಿಕೊಳ್ಳುವ ಎಎಸ್‌ಸಿಯದ್ದು ಡಿಸೆಂಬರ್ 8. ಗಾಡಿ ರಿಪೇರಿಯ ಇಎಂಇಯದ್ದು ಅಕ್ಟೋಬರ್ 15. ಅವರು ಬದುಕಿದ್ದಾಗ ಆ ದಿನ ಹಳೆಯ ಗೆಳೆಯರಿಗೆಲ್ಲ ಫೋನ್ ಮಾಡುತ್ತಿದ್ದರು. ನೀವು ಅವತ್ತು ಹೋದರೆ ಆ ಗೆಳೆಯರೂ ಬರುತ್ತಾರೆ.

ನೆನಪಿನ ರೈಡ್

ಮೊದಲು ದಾರಿ. ಅವರಿಗೆ ಇಷ್ಟವಾಗಿದ್ದ ದಾರಿಯನ್ನೇ ಆರಿಸಿ, ಚಿಕ್ಕದಾಗಿರಲಿ. ಐವತ್ತು ಅರವತ್ತು ಕಿಲೋಮೀಟರ್ ಸಾಕು. ವಯಸ್ಸಾದ ಮಾಜಿ ಸೈನಿಕರೂ ಬರಬೇಕಲ್ಲ. ಬೆಂಗಳೂರು ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನ ಬಿಡುವುದಿಲ್ಲ. ಪಕ್ಕದ ಸರ್ವಿಸ್ ರಸ್ತೆಯಲ್ಲಿ ಹೋಗಬೇಕು. ಅದಕ್ಕೆ ಹೆಚ್ಚು ಸಮಯ ಲೆಕ್ಕ ಹಾಕಿ.

ಇಪ್ಪತ್ತಕ್ಕಿಂತ ಹೆಚ್ಚು ಗಾಡಿ ಆಗುತ್ತದೆ ಅನ್ನಿಸಿದರೆ ಹೊರಡುವ ಜಾಗದ ಪೊಲೀಸ್ ಠಾಣೆಗೂ ಸಂಚಾರ ಪೊಲೀಸರಿಗೂ ವಾರ ಮೊದಲೇ ಬರೆದು ಕೊಡಿ. ಏನು ಕಾರ್ಯಕ್ರಮ, ಎಷ್ಟು ಗಾಡಿ, ಯಾವ ದಾರಿ, ಯಾರು ಜವಾಬ್ದಾರಿ. ಸೈನಿಕರ ನೆನಪಿಗೆ ಅಂದರೆ ಸಹಕಾರ ಸಿಗುತ್ತದೆ. ಹಾಗಂತ ಹೇಳದೆ ಹೋಗಬೇಡಿ. ಹಿಂದೆ ಕೂತವರಿಗೂ ಐಎಸ್‌ಐ ಹೆಲ್ಮೆಟ್ ಕಡ್ಡಾಯ. ಸೈಲೆನ್ಸರ್ ಬದಲಿಸಿದ ಗಾಡಿಗಳನ್ನು ಮನೆಯಲ್ಲೇ ಬಿಡಿ.

ಈಗ ಖಾಲಿ ಜಾಗದ ವಿಷಯ. ಯುದ್ಧವಿಮಾನಗಳ ಸಾಲಿನಲ್ಲಿ ಒಂದು ವಿಮಾನದ ಜಾಗ ಬಿಟ್ಟು ಹಾರುವ ಪದ್ಧತಿ ಇದೆ. ಅಗಲಿದ ಪೈಲಟ್‌ಗೆ ಗೌರವ ಅದು. ಅಮೆರಿಕದ ಬೈಕ್ ಗುಂಪುಗಳು ಅದನ್ನೇ ರಸ್ತೆಗೆ ತಂದವು. ಸಾಲಿನ ಮುಂದೆ ಇಬ್ಬರು ಇರಬೇಕಾದ ಕಡೆ ಒಬ್ಬರೇ ಇದ್ದು, ಪಕ್ಕದ ಜಾಗವನ್ನು ಹಾಗೇ ಬಿಡುತ್ತಾರೆ. ನೋಡಿದರೆ ಎದೆ ಭಾರವಾಗುತ್ತದೆ.

ಆದರೆ ನಮ್ಮ ರಸ್ತೆಗಳಲ್ಲಿ ಖಾಲಿ ಜಾಗ ಅಂದರೆ ಆಟೋ ನುಗ್ಗುವ ಜಾಗ. ಮೊದಲ ಸಲ ನಾವು ಇಡೀ ದಾರಿ ಹಾಗೇ ಹೋಗಲು ನೋಡಿದೆವು. ಹತ್ತು ನಿಮಿಷದಲ್ಲಿ ಮೂರು ಸಲ ಗಾಡಿಗಳು ನಡುವೆ ನುಗ್ಗಿದವು, ಒಬ್ಬರು ಬೀಳುವುದರಲ್ಲಿದ್ದರು. ಈಗ ಹೀಗೆ ಮಾಡುತ್ತೇವೆ. ದಾರಿಯುದ್ದಕ್ಕೂ ಮಾಮೂಲಿ ಓರೆಸಾಲು (ಒಬ್ಬರು ಎಡಕ್ಕೆ, ಹಿಂದಿನವರು ಬಲಕ್ಕೆ), ಎರಡು ಸೆಕೆಂಡಿನ ಅಂತರ. ಊರು ಸೇರುವ ಕೊನೆಯ ಒಂದು ಕಿಲೋಮೀಟರ್ ಮಾತ್ರ, ಸಂಚಾರ ಕಡಿಮೆ ಇರುವ ರಸ್ತೆಯಲ್ಲಿ, ಇಪ್ಪತ್ತು ಕಿಲೋಮೀಟರ್ ವೇಗದಲ್ಲಿ ಜಾಗ ಬಿಟ್ಟ ಸಾಲು. ಹಿಂದೆ ಒಂದು ಕಾರು ಇಂಡಿಕೇಟರ್ ಹಾಕಿಕೊಂಡು ಬರುತ್ತದೆ. ಖಾಲಿ ಜಾಗದ ಪಕ್ಕ ಯಾರು ಓಡಿಸಬೇಕು ಅನ್ನುವುದನ್ನು ಮನೆಯವರೇ ಹೇಳಲಿ. ಸಾಬ್‌ಗಾಗಿ ಮಾಡಿದ ರೈಡ್‌ನಲ್ಲಿ ಅವರ ಹೆಂಡತಿ, ಅವರ ಹತ್ತಿರ ಬೈಕ್ ಕಲಿತ ಹಾಲು ಹಾಕುವ ಹುಡುಗನ ಹೆಸರು ಹೇಳಿದರು. ಅವನು ಕ್ಲಬ್‌ನ ಸದಸ್ಯನೂ ಅಲ್ಲ. ಅವನ ಹಳೆಯ ಸ್ಪ್ಲೆಂಡರ್ ನಮ್ಮೆಲ್ಲರ ಮುಂದೆ ಹೋಯಿತು.

ತಲುಪಿದ ಮೇಲೆ ಕಾರ್ಯಕ್ರಮ ಇಪ್ಪತ್ತು ನಿಮಿಷ ಮೀರದಿರಲಿ. ಎಂಜಿನ್ ಎಲ್ಲ ಬಂದ್. ಹೆಲ್ಮೆಟ್ ತೆಗೆದು ಎಡಗೈಯಲ್ಲಿ. ಒಬ್ಬರು ರ‍್ಯಾಂಕ್, ಹೆಸರು, ಪಡೆ, ಸೇವೆಯ ವರ್ಷಗಳನ್ನು ಓದಲಿ. ಬ್ಯೂಗಲ್ ಊದಬಲ್ಲ ನಿವೃತ್ತರು ಯಾರಾದರೂ ಸಿಕ್ಕರೆ ವಿದಾಯದ ರಾಗವಾದ ಲಾಸ್ಟ್ ಪೋಸ್ಟ್, ಎರಡು ನಿಮಿಷ ಮೌನ, ಆಮೇಲೆ ಎಬ್ಬಿಸುವ ರಾಗವಾದ ರೌಸ್. ಸಿಗದಿದ್ದರೆ ಬರೀ ಮೌನ ಸಾಕು. ಮೊಬೈಲಿನಲ್ಲಿ ಹಾಕಿ ಸ್ಪೀಕರ್‌ಗೆ ಹಿಡಿದಾಗ ನಡುವೆ ಜಾಹೀರಾತು ಬಂದದ್ದನ್ನು ಬೇರೆ ಊರಿನ ಕಾರ್ಯಕ್ರಮವೊಂದರಲ್ಲಿ ನೋಡಿದ್ದೇನೆ. ಆಮೇಲೆ ಅವರ ಜತೆ ಸೇವೆಯಲ್ಲಿದ್ದವರೊಬ್ಬರು, ಜತೆ ಓಡಿಸಿದವರೊಬ್ಬರು ಮಾತಾಡಲಿ. ಇಬ್ಬರೇ ಸಾಕು. ವೇದಿಕೆ, ಶಾಲು, ಹಾರ, ಮುಖ್ಯ ಅತಿಥಿ ಇವೆಲ್ಲ ಬೇಡ.

ಬೆಂಗಳೂರಿನವರು ರಾಷ್ಟ್ರೀಯ ಸೈನಿಕ ಸ್ಮಾರಕಕ್ಕೆ ಹೋಗುವುದುಂಟು. ನೆಹರೂ ತಾರಾಲಯದ ಹತ್ತಿರ, ಎತ್ತರದ ಒಂದೇ ಕಲ್ಲಿನ ವೀರಗಲ್ಲು ಇರುವ ಜಾಗ. ಹೋಗಿ, ಒಳ್ಳೆಯದೇ. ಆದರೆ ಅಲ್ಲಿ ಕೆತ್ತಿರುವುದು ಸೇವೆಯಲ್ಲಿದ್ದಾಗ ಪ್ರಾಣ ಕೊಟ್ಟವರ ಹೆಸರು. ನಿಮ್ಮ ಗೆಳೆಯರ ಹೆಸರು ಅಲ್ಲಿ ಸಿಗದು ಅಂತ ಮನೆಯವರಿಗೆ ಮೊದಲೇ ಹೇಳಿ. ಇಲ್ಲದಿದ್ದರೆ ಹುಡುಕುತ್ತ ನಿಲ್ಲುತ್ತಾರೆ.

ಹೆಸರು ಉಳಿಸುವ ಕೆಲಸ

ಹೆಸರನ್ನು ಕಲ್ಲಿಗೆ ಹಾಕುವುದು ನಮ್ಮ ನಾಡಿಗೆ ಹೊಸದೇನಲ್ಲ. ಬೇಗೂರಿನ ದೇವಸ್ಥಾನದ ಕಲ್ಲು ಸುಮಾರು 890ರದ್ದು. ಬೆಂಗಳೂರು ಅನ್ನುವ ಹೆಸರು ಸಿಗುವುದೇ ಅಲ್ಲಿ, ಒಂದು ಕಾಳಗದಲ್ಲಿ ಸತ್ತವರ ನೆನಪಿನ ಬರಹದಲ್ಲಿ. ಮದ್ದೂರು ಕಡೆಯ ಆತಕೂರಿನಲ್ಲಿ ಹತ್ತನೇ ಶತಮಾನದಲ್ಲಿ ಹಂದಿಯ ಜತೆ ಹೋರಾಡಿ ಸತ್ತ ಕಾಳಿ ಅನ್ನುವ ನಾಯಿಗೂ ಕಲ್ಲು ನಿಲ್ಲಿಸಿದರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ.

ನೀವು ದೊಡ್ಡ ಕಲ್ಲು ನಿಲ್ಲಿಸಬೇಕಾಗಿಲ್ಲ. ಅವರ ಊರಿನ ಶಾಲೆ ಅಥವಾ ಬಸ್ ನಿಲ್ದಾಣದ ಹತ್ತಿರ ಒಂದು ಕಲ್ಲುಬೆಂಚು, ಅದಕ್ಕೊಂದು ಗ್ರಾನೈಟ್ ಫಲಕ. ಪಂಚಾಯಿತಿಯಿಂದ ಲಿಖಿತ ಒಪ್ಪಿಗೆ ಪಡೆಯಿರಿ. ಕೆತ್ತುವ ಮೊದಲು ಬರಹವನ್ನು ಕಾಗದದಲ್ಲಿ ಬರೆದು ಮನೆಯ ಇಬ್ಬರಿಗೆ ಓದಿ ಹೇಳಿ. ಕಾಗುಣಿತ ತಪ್ಪಿದರೆ ಕಲ್ಲಿನಲ್ಲಿ ತಿದ್ದಲು ಬರುವುದಿಲ್ಲ. ಕ್ಲಬ್‌ನ ಹೆಸರು ಕೊನೆಯ ಸಾಲಿನಲ್ಲಿ, ಚಿಕ್ಕದಾಗಿ.

ಕಲ್ಲಿಗಿಂತ ಮೊದಲು ಮಾತನ್ನು ಉಳಿಸಿಕೊಳ್ಳಿ. ಅವರ ಜತೆ ಸೇವೆಯಲ್ಲಿದ್ದವರಿಗೂ ಈಗ ಎಪ್ಪತ್ತು ದಾಟಿದೆ. ಫೋನಿನಲ್ಲಿ ಅವರ ಮಾತು ರೆಕಾರ್ಡ್ ಮಾಡಿ. ಯುದ್ಧದ ಕತೆ ಹೇಳಿ ಅಂದರೆ ಹೆಚ್ಚಿನವರು ಸುಮ್ಮನಾಗುತ್ತಾರೆ. ಅದರ ಬದಲು, ಚಳಿಯಲ್ಲಿ ಗಾಡಿ ಹೇಗೆ ಸ್ಟಾರ್ಟ್ ಮಾಡುತ್ತಿದ್ದಿರಿ, ಊರಿಂದ ಪತ್ರ ಬರಲು ಎಷ್ಟು ದಿನ ಆಗುತ್ತಿತ್ತು, ಲಂಗರಿನಲ್ಲಿ (ಸೇನೆಯ ಅಡುಗೆಮನೆ) ಏನು ಊಟ ಅಂತ ಕೇಳಿ. ಒಬ್ಬ ಹಿರಿಯರು ಸಾಬ್ ಬಗ್ಗೆ ಹೀಗೆಂದರು: "ಅವನು ಚೀಲದಲ್ಲಿ ಸರ್ಕಾರಿ ಕಾಗದದ ಜತೆ ನಮ್ಮ ಮನೆಪತ್ರಗಳನ್ನೂ ತರ್ತಿದ್ದ. ದೂರದಿಂದ ಬುಲೆಟ್ ಸದ್ದು ಕೇಳಿದ್ರೆ ನಾವು ಊಟ ಬಿಟ್ಟು ಏಳ್ತಿದ್ವಿ." ಈ ಒಂದು ಮಾತು ಯಾವ ದಾಖಲೆಯಲ್ಲೂ ಇರಲಿಲ್ಲ.

ಅವರ ಹೆಸರಿನಲ್ಲಿ ಹಣ ಕೊಡುವುದಾದರೆ ಸಶಸ್ತ್ರ ಪಡೆಗಳ ಧ್ವಜ ದಿನ ನಿಧಿಗೆ ಕೊಡಿ. ರಾಜ್ಯದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯಲ್ಲಿ ವಿಚಾರಿಸಿದರೆ ದಾರಿ ಹೇಳುತ್ತಾರೆ. ರಸೀದಿಯ ಪ್ರತಿ ಮನೆಯವರಿಗೆ ಕೊಡಿ.

ಅವರ ಗಾಡಿ

ಇದನ್ನು ಹಲವರು ಮರೆಯುತ್ತಾರೆ. ಮಾಲೀಕರು ತೀರಿಕೊಂಡರೆ 30 ದಿನದೊಳಗೆ ವಾರಸುದಾರರು ಆರ್‌ಟಿಒಗೆ ತಿಳಿಸಬೇಕು. ಮೂರು ತಿಂಗಳೊಳಗೆ ಫಾರ್ಮ್ 31 ಕೊಟ್ಟು ಆರ್‌ಸಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಇನ್ಶೂರೆನ್ಸ್ ಕಂಪನಿಗೂ ತಿಳಿಸಬೇಕು. ಹಳೆಯ ಗಾಡಿಯಾದರೆ, 15 ವರ್ಷದ ನಂತರದ ಮರುನೋಂದಣಿ ಚಾಲ್ತಿಯಲ್ಲಿದೆಯಾ ಅಂತ ನೋಡಿ. ಇದೆಲ್ಲ ಸರಿಯಾಗುವ ತನಕ ನೆನಪಿನ ರೈಡ್‌ಗೆ ಅವರ ಗಾಡಿಯನ್ನು ರಸ್ತೆಗೆ ಇಳಿಸಬೇಡಿ. ಏನಾದರೂ ಆದರೆ ಹೊರೆ ಮನೆಯವರ ಮೇಲೆ ಬೀಳುತ್ತದೆ.

ಮಾರುವುದಾ ಇಟ್ಟುಕೊಳ್ಳುವುದಾ ಅನ್ನುವುದನ್ನು ಅವರೇ ತೀರ್ಮಾನಿಸಲಿ. ಮೊದಲ ತಿಂಗಳಲ್ಲೇ "ಗಾಡಿ ಕೊಡ್ತೀರಾ" ಅಂತ ಕೇಳುವವರು ಕ್ಲಬ್‌ನಲ್ಲಿ ಇದ್ದೇ ಇರುತ್ತಾರೆ. ಅವರನ್ನು ಹಿರಿಯರು ತಡೆಯಬೇಕು. ಇಟ್ಟುಕೊಳ್ಳುವುದಾದರೆ ಕಾರ್ಬುರೇಟರಿನ ಪೆಟ್ರೋಲ್ ಇಳಿಸಿ, ಬ್ಯಾಟರಿ ತಂತಿ ತೆಗೆದು, ನಡುಸ್ಟ್ಯಾಂಡ್ ಹಾಕಿ, ಹತ್ತಿಬಟ್ಟೆ ಹೊದಿಸಿ. ಪ್ಲಾಸ್ಟಿಕ್ ಹೊದಿಸಿದರೆ ತೇವ ಒಳಗೇ ನಿಂತು ತುಕ್ಕು ಹಿಡಿಯುತ್ತದೆ. ಹೊಸ ಪೇಂಟ್ ಬೇಡ. ಸಾಬ್ ಗಾಡಿಯ ಟ್ಯಾಂಕಿನಲ್ಲಿ ಅವರ ಮೊಣಕಾಲು ತಾಗಿ ತಾಗಿ ಬಣ್ಣ ಹೋದ ಎರಡು ಜಾಗ ಇದೆ. ಅದು ಹಾಗೇ ಇದೆ.

ಎರಡನೇ ವರ್ಷದಿಂದ

ಮೊದಲ ವರ್ಷ ಎಲ್ಲರೂ ಬರುತ್ತಾರೆ. ಎರಡನೇ ವರ್ಷಕ್ಕೆ ಅರ್ಧ ಜನ. ಅದಕ್ಕೇ ಜವಾಬ್ದಾರಿಯನ್ನು ಹೆಸರು ಹಾಕಿ ಹಂಚಿ. ಒಂದು ಮನೆಗೆ ಇಬ್ಬರು. ವರ್ಷಕ್ಕೊಮ್ಮೆ ಕುಟುಂಬ ಪಿಂಚಣಿಗೆ ಜೀವನ ಪ್ರಮಾಣಪತ್ರ ಕೊಡಬೇಕು. ಸೇನಾ ಪಿಂಚಣಿಯ ಸ್ಪರ್ಶ್ ಪೋರ್ಟಲ್‌ನಲ್ಲಿ ಮಾಡಲು ಅನೇಕರಿಗೆ ಸಹಾಯ ಬೇಕು. ಇಸಿಎಚ್‌ಎಸ್ ಪಾಲಿಕ್ಲಿನಿಕ್ ದೂರ ಇದ್ದರೆ ಕರೆದುಕೊಂಡು ಹೋಗಿಬರಲು ಒಂದು ಜೊತೆ ಬೇಕು. ಪಾಸ್‌ವರ್ಡ್, ಒಟಿಪಿ ಮಾತ್ರ ಅವರ ಮಕ್ಕಳ ಹತ್ತಿರವೇ ಇರಲಿ. ಕ್ಲಬ್‌ನವರು ಎಷ್ಟೇ ಹತ್ತಿರದವರಾದರೂ ಕೇಳಬಾರದು.

ಮೊನ್ನೆ ಫೆಬ್ರವರಿ 15ಕ್ಕೆ ನಾವು ಹನ್ನೊಂದು ಜನ ಸಾಬ್ ಮನೆಗೆ ಹೋಗಿದ್ದೆವು. ಮೊಮ್ಮಗಳು ಈಗ ಇಂಜಿನಿಯರಿಂಗ್ ಮೂರನೇ ವರ್ಷ. ಬುಲೆಟ್ ಮೇಲಿನ ಬಟ್ಟೆ ತೆಗೆದು, ಕೀ ತಿರುಗಿಸಿ, ಆಮೀಟರಿನ ಮುಳ್ಳು ನಡುವಿಗೆ ಬರುವ ತನಕ ಕಿಕ್ಕರನ್ನು ನಿಧಾನವಾಗಿ ಒತ್ತಿದಳು. ಎಂಜಿನ್ ಒತ್ತಡ ಬಿಡಿಸುವ ಡಿಕಂಪ್ರೆಸರ್ ಹಿಡಿದು ಇನ್ನೊಂಚೂರು ಒತ್ತಿ, ಬಿಟ್ಟು, ಒದ್ದಳು. ಮೂರನೆಯದಕ್ಕೆ ಗಾಡಿ ಎದ್ದಿತು. ಅಜ್ಜಿ ಅಡುಗೆಮನೆಯಿಂದಲೇ, "ಈಗಲೇ ಆಕ್ಸಿಲರೇಟರ್ ಕೊಡಬೇಡ, ಬಿಸಿಯಾಗಲಿ" ಅಂದರು.

ಹೆಡ್‌ಲೈಟ್ ಮಂಕಾಗಿತ್ತು. ಬ್ಯಾಟರಿ ಬದಲಿಸಬೇಕು. ಮುಂದಿನ ಫೆಬ್ರವರಿಯೊಳಗೆ ಮಾಡಬೇಕಾದ ಕೆಲಸಗಳ ಪಟ್ಟಿಯಲ್ಲಿ ಅದು ನನ್ನ ಹೆಸರಿನ ಮುಂದೆ ಇದೆ.